ಡೇಟಾಸೆಂಟರ್‌ಗಳ ನಡುವೆ ವಿಡಿಯೋ ಓಡಾಟ: ಬಿಲ್ ಇಳಿಸುವುದು ಹೇಗೆ?

ವಿಡಿಯೋ ಸೇವೆ ನಡೆಸುವವರ ಕ್ಲೌಡ್ ಬಿಲ್‌ನಲ್ಲಿ ಡೇಟಾ ಟ್ರಾನ್ಸ್‌ಫರ್ ಎಂಬ ಸಾಲು ಇರುತ್ತದೆ. ಸರ್ವರ್ ಖರ್ಚನ್ನು ಎಲ್ಲರೂ ನೋಡುತ್ತಾರೆ. ಸ್ಟೋರೇಜ್ ಖರ್ಚನ್ನೂ ನೋಡುತ್ತಾರೆ. ಈ ಸಾಲನ್ನು ಬಿಡಿಸಿ ನೋಡುವವರು ಮಾತ್ರ ಕಡಿಮೆ. ನೋಡುಗರಿಗೆ ಹೋಗುವ ಡೇಟಾಕ್ಕೆ ದುಡ್ಡು ಕೊಡಲೇಬೇಕು, ಅದು ವ್ಯಾಪಾರದ ಖರ್ಚು. ಆದರೆ ಅದೇ ಸಾಲಿನೊಳಗೆ ಇನ್ನೊಂದು ಖರ್ಚೂ ಸೇರಿಕೊಂಡಿರುತ್ತದೆ. ಒಂದೇ ವಿಡಿಯೋ ನಿಮ್ಮದೇ ಒಂದು ಡೇಟಾಸೆಂಟರ್‌ನಿಂದ ನಿಮ್ಮದೇ ಇನ್ನೊಂದಕ್ಕೆ ಓಡಾಡುವ ಖರ್ಚು ಅದು. ಆ ಓಡಾಟದಿಂದ ನೇರವಾಗಿ ಒಂದು ರೂಪಾಯಿಯೂ ಬರುವುದಿಲ್ಲ.

ಇದನ್ನು ಇಳಿಸಲು ಹೊರಟವರು ಮೊದಲು ಕೇಳುವುದು ಯಾವ ಕ್ಲೌಡ್‌ನಲ್ಲಿ ದರ ಕಡಿಮೆ ಅಂತ. ನನ್ನ ಪ್ರಕಾರ ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ಈ ಬೈಟ್‌ಗಳು ಹೋಗಲೇಬೇಕಾ ಅಂತ ಮೊದಲು ಕೇಳಿ. ಹೋಗಲೇಬೇಕಾದರೆ ಎಷ್ಟು ಚಿಕ್ಕದಾಗಿ, ಎಷ್ಟು ಸಲ, ಯಾವ ದಾರಿಯಲ್ಲಿ ಅಂತ ಆಮೇಲೆ ಕೇಳಿ. ದೊಡ್ಡ ಉಳಿತಾಯ ಮೊದಲ ಪ್ರಶ್ನೆಯಲ್ಲೇ ಸಿಗುತ್ತದೆ.

ಲೆಕ್ಕಕ್ಕೆ ಒಂದು ಉದಾಹರಣೆ ಇಟ್ಟುಕೊಳ್ಳೋಣ. ಬೆಂಗಳೂರಿನ ಚಿಕ್ಕ ತಂಡವೊಂದು ಕನ್ನಡ ಸಿನಿಮಾ, ನಾಟಕ, ಯಕ್ಷಗಾನದ ವಿಡಿಯೋ ಸೇವೆ ನಡೆಸುತ್ತಿದೆ ಅಂದುಕೊಳ್ಳಿ. ಒಟ್ಟು 2,000 ಗಂಟೆಯ ಸಂಗ್ರಹ. ಮಾಸ್ಟರ್ ಫೈಲ್‌ಗಳು, ಅಂದರೆ ಪೂರ್ತಿ ಕ್ವಾಲಿಟಿಯ ಮೂಲ ಪ್ರತಿಗಳು, ಅಮೆಜಾನ್‌ನ ಕ್ಲೌಡ್ ಆದ ಎಡಬ್ಲ್ಯುಎಸ್‌ನ ಮುಂಬೈ ರೀಜನ್‌ನಲ್ಲಿವೆ. ಒಂದು ಪ್ರದೇಶದ ಡೇಟಾಸೆಂಟರ್‌ಗಳ ಗುಂಪಿಗೆ ರೀಜನ್ ಅನ್ನುತ್ತಾರೆ, ಅದರೊಳಗಿನ ಬೇರೆ ಬೇರೆ ಭಾಗಗಳಿಗೆ ಝೋನ್ ಅನ್ನುತ್ತಾರೆ. ಹೆಚ್ಚಿನ ನೋಡುಗರು ಕರ್ನಾಟಕದವರು. ಅಮೆರಿಕ, ಬ್ರಿಟನ್, ಜರ್ಮನಿಯಲ್ಲಿರುವ ಕನ್ನಡಿಗರೂ ಇದ್ದಾರೆ. ಇಲ್ಲಿ ಕೊಡುವ ದರಗಳು ಎಡಬ್ಲ್ಯುಎಸ್‌ನ ಸಾರ್ವಜನಿಕ ಪಟ್ಟಿಯವು. ದರ ಆಗಾಗ ಬದಲಾಗುತ್ತದೆ, ನಿಮ್ಮ ಲೆಕ್ಕಕ್ಕೆ ಕೂರುವ ಮುನ್ನ ಒಮ್ಮೆ ಪಟ್ಟಿ ನೋಡಿಕೊಳ್ಳಿ. ಗೂಗಲ್, ಅಜೂರ್ ಬಳಸುವವರಿಗೂ ವಿಧಾನ ಇದೇ, ಅಂಕಿ ಮಾತ್ರ ಬೇರೆ.

ಹೆಜ್ಜೆ 1: ಬಿಲ್ ಬಿಡಿಸಿ ನೋಡಿ

ಎಡಬ್ಲ್ಯುಎಸ್‌ನಲ್ಲಿ ಖರ್ಚು ಬಿಡಿಸಿ ತೋರಿಸುವ ಕಾಸ್ಟ್ ಎಕ್ಸ್‌ಪ್ಲೋರರ್ ತೆರೆದು ಖರ್ಚನ್ನು ಯೂಸೇಜ್ ಟೈಪ್ (ಬಳಕೆಯ ಬಗೆ) ಪ್ರಕಾರ ವಿಂಗಡಿಸಿ. ಮುಂಬೈಗೆ ಎಪಿಎಸ್3, ಅಮೆರಿಕದ ವರ್ಜೀನಿಯಾಗೆ ಯುಎಸ್‌ಇ1 ಎಂಬ ಗುರುತು ಕಾಣುತ್ತದೆ. ಒಂದೇ ಸಾಲಿನಲ್ಲಿ ಎರಡು ರೀಜನ್‌ಗಳ ಗುರುತು ಇದ್ದರೆ ಅದು ರೀಜನ್‌ಗಳ ನಡುವಿನ ಓಡಾಟ. ರೀಜನಲ್ ಬೈಟ್ಸ್ ಅಂತ ಇದ್ದರೆ ಅದು ಬಹುಪಾಲು ಒಂದೇ ರೀಜನ್‌ನ ಎರಡು ಝೋನ್‌ಗಳ ನಡುವಿನದು. ನೋಡುಗರಿಗೆ, ಅಂದರೆ ಇಂಟರ್ನೆಟ್‌ಗೆ ಹೋಗಿದ್ದು ಇನ್ನೊಂದು ಸಾಲಿನಲ್ಲಿರುತ್ತದೆ. ಈ ಮೂರನ್ನೂ ಬೇರೆ ಬೇರೆ ಬರೆದುಕೊಳ್ಳಿ.

ಈಗ ದರ ನೋಡೋಣ. ಮುಂಬೈನಿಂದ ಬೇರೆ ರೀಜನ್‌ಗೆ ಕಳಿಸಲು ಒಂದು ಜಿಬಿಗೆ 8.6 ಸೆಂಟ್. ವರ್ಜೀನಿಯಾದಿಂದ ಬೇರೆ ರೀಜನ್‌ಗೆ ಕಳಿಸಲು ಸಾಮಾನ್ಯವಾಗಿ 2 ಸೆಂಟ್. ದುಡ್ಡು ಕಟ್ಟುವುದು ಕಳಿಸುವ ಕಡೆ. ಬರಮಾಡಿಕೊಳ್ಳುವ ಕಡೆಗೆ ಖರ್ಚಿಲ್ಲ. ಅಂದರೆ 10 ಟಿಬಿ ಮುಂಬೈನಿಂದ ವರ್ಜೀನಿಯಾಗೆ ಹೋದರೆ ಸುಮಾರು 860 ಡಾಲರ್, ಅದೇ 10 ಟಿಬಿ ವರ್ಜೀನಿಯಾದಿಂದ ಮುಂಬೈಗೆ ಬಂದರೆ 200 ಡಾಲರ್. ದಾರಿ ಒಂದೇ, ದಿಕ್ಕು ಬದಲಾದರೆ ಖರ್ಚು ನಾಲ್ಕು ಪಟ್ಟಿಗಿಂತ ಜಾಸ್ತಿ ಬದಲಾಗುತ್ತದೆ. ಮುಂದಿನ ಎಷ್ಟೋ ತೀರ್ಮಾನಗಳು ಈ ವ್ಯತ್ಯಾಸದ ಮೇಲೇ ನಿಂತಿವೆ, ಹಾಗಾಗಿ ದರವನ್ನು ಬರೆದಿಡುವಾಗ ಯಾವ ದಿಕ್ಕಿನದು ಅಂತಲೂ ಬರೆದಿಡಿ.

ಎಷ್ಟು ಹೋಗಿದೆ ಅಂತ ಗೊತ್ತಾದ ಮೇಲೆ ಯಾರು ಕಳಿಸಿದ್ದು ಅಂತ ಹುಡುಕಬೇಕು. ಪ್ರತಿ ಬಕೆಟ್‌ಗೂ (ಕ್ಲೌಡ್‌ನಲ್ಲಿ ಫೈಲ್ ಇಡುವ ಜಾಗ) ಪ್ರತಿ ಸರ್ವರ್ ಗುಂಪಿಗೂ ಟ್ಯಾಗ್ ಹಾಕಿ: ಮಾಸ್ಟರ್, ಟ್ರಾನ್ಸ್‌ಕೋಡ್ (ಮಾಸ್ಟರ್‌ನಿಂದ ನೋಡುಗರಿಗೆ ಕೊಡುವ ಚಿಕ್ಕ ಫೈಲ್ ಮಾಡುವುದು), ಪ್ಯಾಕೇಜಿಂಗ್ (ಅದನ್ನು ಪ್ಲೇಯರ್‌ಗೆ ತಕ್ಕ ತುಣುಕು ಮಾಡುವುದು), ಬ್ಯಾಕಪ್, ಲೈವ್. ಟ್ಯಾಗ್ ಹಾಕುವುದು ಬೇಸರದ ಕೆಲಸ, ಒಪ್ಪುತ್ತೇನೆ. ಆದರೆ ಟ್ಯಾಗ್ ಇಲ್ಲದ ಬಿಲ್ ನೋಡಿ ಊಹೆ ಮಾಡುವುದಕ್ಕಿಂತ ಎರಡು ದಿನ ಇದಕ್ಕೆ ಕೊಡುವುದು ಎಷ್ಟೋ ಮೇಲು. ಟ್ಯಾಗ್ ಸಾಲದಿದ್ದರೆ ವಿಪಿಸಿ ಫ್ಲೋ ಲಾಗ್ ಕೆಲವು ದಿನ ಆನ್ ಮಾಡಿ. ಯಾವ ಯಂತ್ರ ಯಾವ ವಿಳಾಸಕ್ಕೆ ಎಷ್ಟು ಬೈಟ್ ಕಳಿಸಿತು ಅನ್ನುವುದು ಅಲ್ಲಿ ಸಿಗುತ್ತದೆ. ಎಡಬ್ಲ್ಯುಎಸ್‌ನ ಫೈಲ್ ಸ್ಟೋರೇಜ್ ಆದ ಎಸ್3 ತಾನಾಗಿ ಮಾಡುವ ರೆಪ್ಲಿಕೇಶನ್ (ಇನ್ನೊಂದು ಬಕೆಟ್‌ಗೆ ಪ್ರತಿ ಕಳಿಸುವುದು) ಅದರಲ್ಲಿ ಕಾಣುವುದಿಲ್ಲ. ಅದನ್ನು ಬಕೆಟ್‌ನ ರೆಪ್ಲಿಕೇಶನ್ ನಿಯಮದಲ್ಲೇ ನೋಡಬೇಕು.

ಹೆಜ್ಜೆ 2: ಎರಡನೇ ರೀಜನ್‌ನಲ್ಲಿ ಪ್ರತಿ ಯಾಕೆ ಇದೆ ಅಂತ ಕೇಳಿ

ಇದು ಇಡೀ ಕೆಲಸದ ಮುಖ್ಯ ಹೆಜ್ಜೆ. ಎರಡನೇ ರೀಜನ್‌ನಲ್ಲಿ ವಿಡಿಯೋ ಪ್ರತಿ ಇಟ್ಟವರನ್ನು ಯಾಕೆ ಅಂತ ಕೇಳಿದರೆ ಸಾಮಾನ್ಯವಾಗಿ ಬರುವ ಉತ್ತರ ಎರಡು. ಒಂದು, ಅಮೆರಿಕದ ನೋಡುಗರಿಗೆ ಬೇಗ ಸಿಗಲಿ ಅಂತ. ಇನ್ನೊಂದು, ಮುಂಬೈಗೆ ಏನಾದರೂ ಆದರೆ ಬ್ಯಾಕಪ್ ಇರಲಿ ಅಂತ. ಎರಡನ್ನೂ ಬೇರೆ ಬೇರೆ ಇಟ್ಟು ನೋಡೋಣ.

ಬೇಗ ಸಿಗಲಿ ಅನ್ನುವುದು ಸಿಡಿಎನ್, ಅಂದರೆ ಊರೂರಲ್ಲಿ ಪ್ರತಿ ಇಟ್ಟುಕೊಂಡು ನೋಡುಗರಿಗೆ ಹತ್ತಿರದಿಂದ ಕೊಡುವ ಜಾಲ ಮಾಡಬೇಕಾದ ಕೆಲಸ. ನ್ಯೂಜೆರ್ಸಿಯಲ್ಲಿ ಒಬ್ಬರು ಸಿನಿಮಾ ನೋಡಿದರೆ ಅದರ ಸೆಗ್ಮೆಂಟ್‌ಗಳು (ಕೆಲವು ಸೆಕೆಂಡಿನ ತುಣುಕುಗಳು) ಅಲ್ಲಿನ ಸಿಡಿಎನ್ ಕ್ಯಾಶ್‌ನಲ್ಲಿ (ತಾತ್ಕಾಲಿಕ ಸಂಗ್ರಹ) ಕೂರುತ್ತವೆ. ಮುಂದಿನವರಿಗೆ ಅಲ್ಲಿಂದಲೇ ಸಿಗುತ್ತದೆ. ಎಡಬ್ಲ್ಯುಎಸ್‌ನಲ್ಲಿ ಒಂದು ಅನುಕೂಲವೂ ಇದೆ. ಎಸ್3ನಿಂದ ಎಡಬ್ಲ್ಯುಎಸ್‌ನದೇ ಸಿಡಿಎನ್ ಆದ ಕ್ಲೌಡ್‌ಫ್ರಂಟ್‌ಗೆ ಹೋಗುವ ಡೇಟಾಕ್ಕೆ ದುಡ್ಡಿಲ್ಲ. ನೋಡುಗರಿಗೆ ಕ್ಲೌಡ್‌ಫ್ರಂಟ್ ಕಳಿಸಿದ್ದಕ್ಕೆ ಮಾತ್ರ ಬಿಲ್ ಆಗುತ್ತದೆ, ಅದು ಹೇಗೂ ಇದ್ದೇ ಇತ್ತು. ಹಾಗಾದರೆ ಕ್ಲೌಡ್‌ಫ್ರಂಟ್ ಬಳಸುತ್ತಾ, ಅದರ ಜೊತೆಗೆ ವರ್ಜೀನಿಯಾ ಬಕೆಟ್‌ಗೂ ಪೂರ್ತಿ ಪ್ರತಿ ಕಳಿಸುತ್ತಿದ್ದರೆ ಒಂದೇ ಕೆಲಸಕ್ಕೆ ಸುಮ್ನೆ ಎರಡು ಸಲ ಖರ್ಚು ಮಾಡಿದಂತೆ, ಅಲ್ವಾ? ಕ್ಯಾಶ್‌ನಲ್ಲಿ ಇಲ್ಲದ ಸೆಗ್ಮೆಂಟ್ ಮುಂಬೈನಿಂದ ಬರಲು ಸ್ವಲ್ಪ ತಡವಾಗುವುದು ನಿಜ. ಪ್ಲೇಯರ್ ಮುಂದಿನ ಕೆಲವು ಸೆಗ್ಮೆಂಟ್‌ಗಳನ್ನು ಮೊದಲೇ ತರಿಸಿಕೊಳ್ಳುವುದರಿಂದ ನೋಡುಗರಿಗೆ ಅದು ಗೊತ್ತಾಗುವುದು ಶುರುವಿನ ಕ್ಷಣದಲ್ಲಿ ಮಾತ್ರ.

ಬೇರೆ ಕಂಪನಿಯ ಸಿಡಿಎನ್ ಬಳಸುವವರ ಲೆಕ್ಕ ಬೇರೆ. ಆ ಸಿಡಿಎನ್ ನಿಮ್ಮ ಬಕೆಟ್‌ನಿಂದ ಎಳೆದುಕೊಂಡ ಪ್ರತಿ ಜಿಬಿಗೂ ಇಂಟರ್ನೆಟ್ ದರ ಬೀಳುತ್ತದೆ. ಮುಂಬೈನಲ್ಲಿ ಮೊದಲ 10 ಟಿಬಿಗೆ ಅದು ಜಿಬಿಗೆ ಸುಮಾರು 10.9 ಸೆಂಟ್. ಹತ್ತಾರು ಊರಿನ ಕ್ಯಾಶ್‌ಗಳು ಒಂದೊಂದೂ ಬಂದು ಅದೇ ಫೈಲ್ ಎಳೆದರೆ ಖರ್ಚು ಹತ್ತಾರು ಪಟ್ಟು. ಇದಕ್ಕೆ ಒರಿಜಿನ್ ಶೀಲ್ಡ್ ಹಾಕಬೇಕು. ಎಲ್ಲ ಊರಿನ ಕ್ಯಾಶ್‌ಗಳೂ ಮೊದಲು ಒಂದು ನಡುವಿನ ಕ್ಯಾಶ್‌ಗೆ ಹೋಗುತ್ತವೆ, ಅದು ಮಾತ್ರ ನಿಮ್ಮ ಬಕೆಟ್‌ಗೆ ಬರುತ್ತದೆ. ಹೆಚ್ಚಿನ ಸಿಡಿಎನ್‌ಗಳಲ್ಲಿ ಈ ಸೌಲಭ್ಯ ಇದೆ, ಹೆಸರು ಬೇರೆ ಬೇರೆ. ಎರಡು ಮೂರು ಸಿಡಿಎನ್ ಒಟ್ಟಿಗೆ ಬಳಸುವವರು ಎಲ್ಲಕ್ಕೂ ಸೇರಿ ಒಂದೇ ಶೀಲ್ಡ್ ಇಡಬೇಕು. ಇಲ್ಲದಿದ್ದರೆ ಪ್ರತಿ ಸಿಡಿಎನ್ ತನ್ನದೊಂದು ಪ್ರತಿ ಎಳೆಯುತ್ತದೆ.

ಇನ್ನು ಬ್ಯಾಕಪ್. ಎಸ್3ನ ಸಾಮಾನ್ಯ ಸ್ಟೋರೇಜ್ ಒಂದು ರೀಜನ್‌ನೊಳಗೇ ಕನಿಷ್ಠ ಮೂರು ಝೋನ್‌ಗಳಲ್ಲಿ ಡೇಟಾ ಇಡುತ್ತದೆ. ಒಂದು ಕಟ್ಟಡಕ್ಕೆ ಬೆಂಕಿ ಬಿದ್ದರೂ ಫೈಲ್ ಹೋಗುವುದಿಲ್ಲ. ಇಡೀ ರೀಜನ್‌ಗೇ ತೊಂದರೆಯಾದರೆ, ಅಥವಾ ಯಾರೋ ತಪ್ಪಾಗಿ ಅಳಿಸಿದರೆ ಅನ್ನುವ ಭಯಕ್ಕೆ ಎರಡನೇ ಪ್ರತಿ ಬೇಕು. ಅದು ಮಾಸ್ಟರ್‌ಗೆ ಮಾತ್ರ ಸಾಕು. ಮಾಸ್ಟರ್‌ನಿಂದ ಮಾಡಿದ ಬೇರೆ ಬೇರೆ ಕ್ವಾಲಿಟಿಯ ಫೈಲ್‌ಗಳನ್ನು ಮತ್ತೆ ಮಾಡಿಕೊಳ್ಳಬಹುದು. ಥಂಬ್‌ನೇಲ್, ಪ್ರಿವ್ಯೂ, ಟ್ರಾನ್ಸ್‌ಕೋಡ್ ನಡುವಿನ ತಾತ್ಕಾಲಿಕ ಫೈಲ್‌ಗಳ ಮಾತು ಬೇಡವೇ ಬೇಡ. ಇಡೀ ಬಕೆಟ್‌ಗೆ ರೆಪ್ಲಿಕೇಶನ್ ಹಾಕಿದ್ದರೆ ಇವೆಲ್ಲವೂ ಸಮುದ್ರ ದಾಟುತ್ತಿರುತ್ತವೆ. ರೆಪ್ಲಿಕೇಶನ್ ನಿಯಮಕ್ಕೆ ಪ್ರಿಫಿಕ್ಸ್ (ಫೈಲ್ ಹೆಸರಿನ ಮೊದಲ ಭಾಗ) ಅಥವಾ ಟ್ಯಾಗ್‌ನ ಫಿಲ್ಟರ್ ಹಾಕಿ, ಮಾಸ್ಟರ್ ಫೋಲ್ಡರ್ ಮಾತ್ರ ಹೋಗಲಿ. 15 ನಿಮಿಷದೊಳಗೆ ಪ್ರತಿಯಾಗಬೇಕು ಅನ್ನುವ ರೆಪ್ಲಿಕೇಶನ್ ಟೈಮ್ ಕಂಟ್ರೋಲ್ ಆನ್ ಇದ್ದರೆ ಜಿಬಿಗೆ ಇನ್ನೂ 1.5 ಸೆಂಟ್ ಜಾಸ್ತಿ. ಹಳೆಯ ಸಿನಿಮಾದ ಬ್ಯಾಕಪ್‌ಗೆ ಅಷ್ಟು ಅವಸರ ಇಲ್ಲ, ಆಫ್ ಮಾಡಿ.

ಹಕ್ಕುಗಳ ವಿಷಯವನ್ನೂ ಇಲ್ಲೇ ನೋಡಿಬಿಡಿ. ಒಂದು ಸಿನಿಮಾದ ಹಕ್ಕು ನಿಮಗೆ ಭಾರತಕ್ಕೆ ಮಾತ್ರ ಇದ್ದರೆ ಅದು ವರ್ಜೀನಿಯಾ ಬಕೆಟ್‌ನಲ್ಲಿ ಇರುವ ಅಗತ್ಯವೇ ಇಲ್ಲ. ಹಕ್ಕಿನ ಪಟ್ಟಿ ಒಬ್ಬರ ಎಕ್ಸೆಲ್‌ನಲ್ಲಿ, ರೆಪ್ಲಿಕೇಶನ್ ನಿಯಮ ಇನ್ನೊಬ್ಬರ ಕೈಯಲ್ಲಿ ಇರುವ ತಂಡಗಳಲ್ಲಿ ಇದು ತಪ್ಪಿಹೋಗುವುದು ಸಹಜ. ಇಬ್ಬರನ್ನೂ ಒಂದು ಗಂಟೆ ಒಟ್ಟಿಗೆ ಕೂರಿಸಿ.

ಹೆಜ್ಜೆ 3: ಮಾಸ್ಟರ್ ಇರುವ ಜಾಗದಲ್ಲೇ ಟ್ರಾನ್ಸ್‌ಕೋಡ್ ಮಾಡಿ

ಹೊರದೇಶದ ರೀಜನ್‌ನಲ್ಲಿ ಪ್ರತಿ ಬೇಕೇ ಬೇಕು ಅಂತ ತೀರ್ಮಾನ ಆಯಿತು ಅನ್ನಿ. ಈಗ ಏನನ್ನು ಕಳಿಸಬೇಕು?

1080ಪಿ, ಸೆಕೆಂಡಿಗೆ 25 ಫ್ರೇಮ್‌ನ ಪ್ರೋರೆಸ್ 422 (ಎಡಿಟಿಂಗ್‌ನಲ್ಲಿ ಬಳಸುವ ಆಪಲ್‌ನ ವಿಡಿಯೋ ಬಗೆ) ಮಾಸ್ಟರ್ 122 ಎಂಬಿಪಿಎಸ್ (ಸೆಕೆಂಡಿಗೆ ಮೆಗಾಬಿಟ್) ವೇಗದ್ದು. ಒಂದು ಗಂಟೆಗೆ ಸುಮಾರು 55 ಜಿಬಿ. ನೋಡುಗರಿಗೆ ಕೊಡುವ ಬಿಟ್‌ರೇಟ್ ಲ್ಯಾಡರ್, ಅಂದರೆ ಒಂದೇ ವಿಡಿಯೋದ ಬೇರೆ ಬೇರೆ ಕ್ವಾಲಿಟಿಯ ಫೈಲ್‌ಗಳ ಸಾಲು ಹೀಗಿದೆ ಅಂದುಕೊಳ್ಳಿ: 1080ಪಿಗೆ 5, 720ಪಿಗೆ 3, 480ಪಿಗೆ 1.5, 360ಪಿಗೆ 0.8, 240ಪಿಗೆ 0.4 ಎಂಬಿಪಿಎಸ್. ಐದನ್ನೂ ಕೂಡಿದರೆ 10.7 ಎಂಬಿಪಿಎಸ್. ಒಂದು ಗಂಟೆಗೆ 4.8 ಜಿಬಿ. ಇಡೀ ಲ್ಯಾಡರ್ ಸೇರಿದರೂ ಮಾಸ್ಟರ್‌ನ ಹನ್ನೊಂದನೇ ಒಂದು ಭಾಗವೂ ಆಗುವುದಿಲ್ಲ.

ನಮ್ಮ 2,000 ಗಂಟೆಯ ಸಂಗ್ರಹಕ್ಕೆ ಇದನ್ನು ಅನ್ವಯಿಸಿ ನೋಡಿ. ಮಾಸ್ಟರ್‌ಗಳನ್ನು ಮುಂಬೈನಿಂದ ಕಳಿಸಿ ಅಲ್ಲಿ ಟ್ರಾನ್ಸ್‌ಕೋಡ್ ಮಾಡಿದರೆ 110 ಟಿಬಿ, 9,460 ಡಾಲರ್. ಮುಂಬೈನಲ್ಲೇ ಟ್ರಾನ್ಸ್‌ಕೋಡ್ ಮಾಡಿ ಲ್ಯಾಡರ್ ಕಳಿಸಿದರೆ 9.6 ಟಿಬಿ, ಸುಮಾರು 826 ಡಾಲರ್. ಟ್ರಾನ್ಸ್‌ಕೋಡ್ ಖರ್ಚು ಎಲ್ಲಿ ಮಾಡಿದರೂ ಇದೆ. ಅಮೆರಿಕದಲ್ಲಿ ಸ್ಪಾಟ್ ಸರ್ವರ್ (ಖಾಲಿ ಇರುವಾಗ ಕಡಿಮೆ ದರಕ್ಕೆ ಕೊಡುವ ಸರ್ವರ್) ಅಗ್ಗ ಸಿಗುತ್ತದೆ ಅಂತ ಮಾಸ್ಟರ್ ಅಲ್ಲಿಗೆ ಕಳಿಸುವವರಿದ್ದಾರೆ. ಸರ್ವರ್‌ನಲ್ಲಿ ಉಳಿದ ದುಡ್ಡನ್ನೂ ದಾರಿಯಲ್ಲಿ ಹೋದ ದುಡ್ಡನ್ನೂ ಒಂದೇ ಕಾಗದದ ಮೇಲೆ ಬರೆದು ನೋಡಿದರೆ ತೀರ್ಮಾನ ತಾನಾಗಿ ಬರುತ್ತದೆ.

ಇದು ತಿರುಗಿ ಬೀಳುವ ಸಂದರ್ಭವೂ ಇದೆ. 4ಕೆ ಸೇರಿಸಿ, ಎಚ್.264, ಎಚ್‌ಇವಿಸಿ, ಎವಿ1 ಎಂಬ ಮೂರೂ ಕೊಡೆಕ್‌ಗಳಲ್ಲಿ (ವಿಡಿಯೋ ಹಿಂಡುವ ವಿಧಾನಗಳು) ಲ್ಯಾಡರ್ ಮಾಡಿದರೆ ಒಟ್ಟು 50 ಎಂಬಿಪಿಎಸ್ ದಾಟಬಹುದು. ಆಗ ಒಳ್ಳೆ ಕ್ವಾಲಿಟಿಯ ಒಂದೇ ಹಗುರ ಮಾಸ್ಟರ್ ಕಳಿಸಿ, ಅಲ್ಲೇ ಉಳಿದದ್ದನ್ನು ಮಾಡಿಕೊಳ್ಳುವುದು ಲಾಭ ಆಗಬಹುದು. ಕಳಿಸುವ ಆ ಒಂದು ಫೈಲ್‌ನ ವೇಗ ಲ್ಯಾಡರ್‌ನ ಒಟ್ಟು ವೇಗಕ್ಕಿಂತ ಸಾಕಷ್ಟು ಕಡಿಮೆ ಇದ್ದರೆ ಮಾತ್ರ ಈ ದಾರಿ ಹಿಡಿಯಿರಿ. ನೋಡುಗರಿಗೆ ಕೊಡುವ 5 ಎಂಬಿಪಿಎಸ್ ಫೈಲ್‌ನಿಂದಲೇ ಮಿಕ್ಕಿದ್ದನ್ನು ಮಾಡಲು ಹೋಗಬೇಡಿ. ಒಮ್ಮೆ ಹಿಂಡಿದ್ದನ್ನು ಮತ್ತೆ ಹಿಂಡಿದರೆ ಚಿತ್ರ ಕೆಡುತ್ತದೆ. ಯಕ್ಷಗಾನದ ವೇಷದ ಸಣ್ಣ ಸಣ್ಣ ಹೊಳಪು, ಬಣ್ಣದ ಗೆರೆಗಳಲ್ಲಿ ಅದು ಎದ್ದು ಕಾಣುತ್ತದೆ.

ಹೆಜ್ಜೆ 4: ಐದು ಭಾಷೆ ಇದ್ದರೂ ಚಿತ್ರವನ್ನು ಒಂದೇ ಸಲ ಕಳಿಸಿ

ಈಗ ಒಂದೇ ಸಿನಿಮಾ ಕನ್ನಡ, ತೆಲುಗು, ತಮಿಳು, ಮಲಯಾಳಂ, ಹಿಂದಿಯಲ್ಲಿ ಬರುತ್ತದೆ. ನಿರ್ಮಾಪಕರಿಂದ ಐದು ಮಾಸ್ಟರ್ ಬರುತ್ತವೆ. ಅವನ್ನು ಐದು ಬೇರೆ ಸಿನಿಮಾಗಳ ಹಾಗೆ ಟ್ರಾನ್ಸ್‌ಕೋಡ್ ಮಾಡಿ, ಐದೂ ಲ್ಯಾಡರ್ ಕಳಿಸಿದರೆ ಒಂದೇ ಚಿತ್ರ ಐದು ಸಲ ದಾರಿ ಸವೆಸುತ್ತದೆ.

ಎರಡೂವರೆ ಗಂಟೆಯ ಸಿನಿಮಾಗೆ ಮೇಲಿನ ಲ್ಯಾಡರ್ ಪ್ರಕಾರ ಚಿತ್ರದ ಭಾಗ ಸುಮಾರು 12 ಜಿಬಿ. 128 ಕೆಬಿಪಿಎಸ್‌ನ ಒಂದು ಆಡಿಯೋ ಟ್ರ್ಯಾಕ್ 144 ಎಂಬಿ ಮಾತ್ರ. ಚಿತ್ರ ಮತ್ತು ಧ್ವನಿಯನ್ನು ಬೇರೆ ಬೇರೆ ಇಟ್ಟರೆ ಐದು ಭಾಷೆಗೂ ಸೇರಿ 13 ಜಿಬಿಯೊಳಗೆ ಮುಗಿಯುತ್ತದೆ. ಒಟ್ಟಿಗೆ ಹೊಲಿದರೆ 60 ಜಿಬಿ ದಾಟುತ್ತದೆ. ವಿಡಿಯೋ ಸ್ಟ್ರೀಮ್ ಮಾಡುವ ಎಚ್‌ಎಲ್‌ಎಸ್, ಡ್ಯಾಶ್ ಪದ್ಧತಿಗಳೆರಡರಲ್ಲೂ ಆಡಿಯೋ ಬೇರೆ ಟ್ರ್ಯಾಕ್ ಆಗಿ ಇಡಲು ಬರುತ್ತದೆ. ನೋಡುಗರಿಗೂ ಸಿನಿಮಾ ಮಧ್ಯದಲ್ಲೇ ಭಾಷೆ ಬದಲಿಸುವ ಅನುಕೂಲ ಸಿಗುತ್ತದೆ.

ತೊಡಕು ಟೈಟಲ್ ಕಾರ್ಡ್‌ಗಳದ್ದು. ಕನ್ನಡ ಆವೃತ್ತಿಯಲ್ಲಿ ಕನ್ನಡ ಅಕ್ಷರ, ಹಿಂದಿಯಲ್ಲಿ ಹಿಂದಿ ಅಕ್ಷರ ಇರುತ್ತವೆ. ಕೆಲವು ಸಲ ಒಂದೆರಡು ದೃಶ್ಯವೂ ಬೇರೆ ಇರಬಹುದು. ಅಷ್ಟಕ್ಕಾಗಿ ಇಡೀ ಚಿತ್ರ ಮತ್ತೆ ಕಳಿಸುವುದು ಬೇಡ. ಈ ಕೆಲಸಕ್ಕೆಂದೇ ಸಿನಿಮಾ, ಟಿವಿ ತಂತ್ರಜ್ಞಾನದ ಮಾನದಂಡ ರೂಪಿಸುವ ಎಸ್‌ಎಂಪಿಟಿಇ ಸಂಸ್ಥೆಯ ಐಎಂಎಫ್ ಎಂಬ ಮಾಸ್ಟರ್ ಪದ್ಧತಿ ಇದೆ. ಸಾಮಾನ್ಯ ಭಾಗ ಒಂದೇ ಪ್ರತಿ, ಬದಲಾದ ತುಣುಕು ಮಾತ್ರ ಬೇರೆ ಫೈಲ್, ಯಾವುದರ ನಂತರ ಯಾವುದು ಅನ್ನುವ ಪಟ್ಟಿ ಭಾಷೆಗೊಂದು. ನಿರ್ಮಾಪಕರಿಂದ ಐಎಂಎಫ್ ಸಿಗದಿದ್ದರೆ ಸೆಗ್ಮೆಂಟ್ ಮಟ್ಟದಲ್ಲಿ ನೀವೇ ಮಾಡಿಕೊಳ್ಳಬಹುದು. ಐದೂ ಆವೃತ್ತಿಗಳ ಉದ್ದ ಫ್ರೇಮ್‌ಗೆ ಫ್ರೇಮ್ ಹೊಂದುತ್ತದಾ ಅಂತ ಮೊದಲು ಖಚಿತ ಮಾಡಿಕೊಳ್ಳಿ. ಹೊಂದದಿದ್ದರೆ ತುಟಿ ಒಂದು ಕಡೆ, ಮಾತು ಇನ್ನೊಂದು ಕಡೆ ಆಗುತ್ತದೆ.

ಇದೇ ಮಾತು ಪ್ಯಾಕೇಜಿಂಗ್‌ಗೂ ಸಲ್ಲುತ್ತದೆ. ಹಿಂದೆ ಆಪಲ್ ಸಾಧನಗಳಿಗೆ ಟಿಎಸ್ ಸೆಗ್ಮೆಂಟ್, ಉಳಿದವಕ್ಕೆ ಎಂಪಿ4 ಸೆಗ್ಮೆಂಟ್ ಅಂತ ಎರಡು ಪ್ರತಿ ಮಾಡುತ್ತಿದ್ದರು. 2016ರಿಂದ ಆಪಲ್ ಕೂಡ ಎಂಪಿ4 ತುಣುಕುಗಳನ್ನು ಒಪ್ಪುತ್ತದೆ. ಸಿಎಂಎಎಫ್ ಪದ್ಧತಿಯಲ್ಲಿ ಒಂದೇ ಸೆಗ್ಮೆಂಟ್ ಗುಂಪಿಗೆ ಎರಡು ಮ್ಯಾನಿಫೆಸ್ಟ್ (ತುಣುಕುಗಳ ಪಟ್ಟಿ) ಬರೆದರೆ ಸಾಕು. ತೀರಾ ಹಳೆಯ ಟಿವಿ ಬಾಕ್ಸ್‌ಗಳಿಗಾಗಿ ಟಿಎಸ್ ಬೇಕಿದ್ದರೆ ಅದನ್ನು ಕೇಳಿದಾಗ ಅಲ್ಲೇ ಕಟ್ಟಿಕೊಡುವ ಪ್ಯಾಕೇಜರ್ ಇಡಿ. ಎರಡೂ ರೂಪ ಸಮುದ್ರ ದಾಟುವ ಅಗತ್ಯ ಇಲ್ಲ.

ಹೆಜ್ಜೆ 5: ಬಿಟ್‌ರೇಟ್ ಇಳಿಸಿ

ಇದರ ಬಗ್ಗೆ ಬೇಕಾದಷ್ಟು ಬರಹಗಳಿವೆ, ಹಾಗಾಗಿ ಚಿಕ್ಕದಾಗಿ ಹೇಳುತ್ತೇನೆ. ಎಚ್.264 ಬಂದಿದ್ದು 2003ರಲ್ಲಿ. ಹತ್ತು ವರ್ಷದ ನಂತರ ಬಂದ ಎಚ್‌ಇವಿಸಿ ಅದೇ ಕ್ವಾಲಿಟಿಯನ್ನು ಸುಮಾರು ಅರ್ಧ ಬಿಟ್‌ರೇಟ್‌ನಲ್ಲಿ ಕೊಡುತ್ತದೆ. 2018ರ ಎವಿ1 ಇನ್ನೂ ಕೆಳಗೆ ಇಳಿಸುತ್ತದೆ, ಆದರೆ ಎನ್‌ಕೋಡ್ ಖರ್ಚು ಜಾಸ್ತಿ. ಹಳೆಯ ಫೋನ್‌ಗಳಿಗಾಗಿ ಎಚ್.264 ಇಡಲೇಬೇಕಾದ್ದರಿಂದ ಹೊಸ ಕೊಡೆಕ್ ಸೇರಿಸಿದಾಗ ನೋಡುಗರಿಗೆ ಹೋಗುವ ಡೇಟಾ ಇಳಿಯುತ್ತದೆ, ಡೇಟಾಸೆಂಟರ್‌ಗಳ ನಡುವಿನದು ಏರುತ್ತದೆ. ಜಾಸ್ತಿ ನೋಡುವ ವಿಡಿಯೋಗಳಿಗೆ ಮಾತ್ರ ಹೊಸ ಕೊಡೆಕ್ ಮಾಡುವುದು ಜಾಣತನ.

ಇದಕ್ಕಿಂತ ಸುಲಭದ ದಾರಿ ವಿಡಿಯೋಗೆ ತಕ್ಕ ಲ್ಯಾಡರ್. ನೆಟ್‌ಫ್ಲಿಕ್ಸ್ 2015ರಲ್ಲಿ ಪರ್-ಟೈಟಲ್ ಹೆಸರಿನಲ್ಲಿ ವಿವರಿಸಿದ ವಿಧಾನ ಇದು. ಒಬ್ಬರು ಕೂತು ಪಾಠ ಹೇಳುವ ವಿಡಿಯೋಗೆ 5 ಎಂಬಿಪಿಎಸ್ ಬೇಕಿಲ್ಲ. ಕುಣಿತ, ಮಳೆ, ಜನಜಂಗುಳಿ ಇರುವ ದೃಶ್ಯಕ್ಕೆ ಬೇಕು. ಕ್ವಾಲಿಟಿ ಗುರಿ ಇಟ್ಟು, ಬಿಟ್‌ರೇಟ್‌ಗೆ ಮೇಲಿನ ಮಿತಿ ಹಾಕಿ ಎನ್‌ಕೋಡ್ ಮಾಡಿದರೆ ಸರಳ ವಿಡಿಯೋಗಳು ತಾವಾಗಿ ಚಿಕ್ಕದಾಗುತ್ತವೆ. ಅಂದ ಹಾಗೆ, ವಿಡಿಯೋ ಫೈಲ್‌ಗಳನ್ನು ಜಿಪ್ ಮಾಡಿ ಕಳಿಸುವುದರಿಂದ ಏನೂ ಉಳಿಯುವುದಿಲ್ಲ. ಅವು ಆಗಲೇ ಹಿಂಡಿದ ಫೈಲ್‌ಗಳು.

ಹೆಜ್ಜೆ 6: ಹಳೆಯ ವಿಡಿಯೋಗಳನ್ನು ಕೇಳಿದಾಗ ಮಾತ್ರ ಕಳಿಸಿ

ಯಾವ ವಿಡಿಯೋ ಸೇವೆಯಲ್ಲೂ ಸ್ವಲ್ಪ ವಿಡಿಯೋಗಳನ್ನು ಬಹಳ ಜನ ನೋಡುತ್ತಾರೆ, ಬಹಳ ವಿಡಿಯೋಗಳನ್ನು ಸ್ವಲ್ಪ ಜನ ನೋಡುತ್ತಾರೆ. 2,000 ಗಂಟೆಯಲ್ಲಿ ಅಮೆರಿಕದಲ್ಲಿ ಈ ತಿಂಗಳು ಒಬ್ಬರೂ ಮುಟ್ಟದ ವಿಡಿಯೋ ಎಷ್ಟಿವೆ ಅಂತ ಪ್ಲೇಯರ್ ಲಾಗ್‌ನಿಂದ ತೆಗೆದು ನೋಡಿ. ಅವನ್ನು ಮೊದಲೇ ಕಳಿಸಿಟ್ಟಿದ್ದರೆ ಅಷ್ಟೂ ದುಡ್ಡು ಸುಮ್ಮನೆ ಹೋಯಿತು.

ಹೊಸ ಬಿಡುಗಡೆ, ಸದಾ ಓಡುವ ಸಿನಿಮಾಗಳನ್ನು ಮೊದಲೇ ಕಳಿಸಿ. ಉಳಿದದ್ದು ಯಾರಾದರೂ ಪ್ಲೇ ಒತ್ತಿದಾಗ ಸೆಗ್ಮೆಂಟ್ ಸೆಗ್ಮೆಂಟಾಗಿ ಬರಲಿ, ಬಂದದ್ದು ಅಲ್ಲಿನ ಬಕೆಟ್‌ನಲ್ಲೇ ಉಳಿಯಲಿ. ಹತ್ತು ನಿಮಿಷ ನೋಡಿ ಬಿಟ್ಟರೆ 720ಪಿಯಲ್ಲಿ 225 ಎಂಬಿ ಮಾತ್ರ ಬರುತ್ತದೆ, ಖರ್ಚು ಎರಡು ಸೆಂಟ್‌ನೊಳಗೆ. ಎಷ್ಟೇ ಜನ ನೋಡಿದರೂ ಬಂದದ್ದು ಉಳಿಯುವುದರಿಂದ ಪೂರ್ತಿ ಪ್ರತಿಯ ಖರ್ಚಿಗಿಂತ ಮೇಲೆ ಹೋಗುವುದಿಲ್ಲ.

ಅಲ್ಲಿ ಉಳಿಸಿಕೊಳ್ಳುವ ವ್ಯವಸ್ಥೆ ಇಲ್ಲದೆ ಪ್ರತಿ ಸಲ ಮುಂಬೈನಿಂದಲೇ ತರಿಸುತ್ತಿದ್ದರೆ ಎಚ್ಚರ ಬೇಕು. ಎರಡೂವರೆ ಗಂಟೆಯ ಸಿನಿಮಾವನ್ನು 720ಪಿಯಲ್ಲಿ ಪೂರ್ತಿ ನೋಡಿದರೆ 3.4 ಜಿಬಿ. ಲ್ಯಾಡರ್ ಪ್ರತಿ 12 ಜಿಬಿ. ನಾಲ್ಕನೆಯವರು ಪೂರ್ತಿ ನೋಡುವಷ್ಟರಲ್ಲಿ ಇಡೀ ಪ್ರತಿ ಕಳಿಸಿದ್ದಕ್ಕಿಂತ ಜಾಸ್ತಿ ಖರ್ಚಾಗಿರುತ್ತದೆ.

ಹೆಜ್ಜೆ 7: ಒಂದು ಸಲ ದಾಟಿಸಿ, ಅಲ್ಲಿಂದ ಹಂಚಿ

ವರ್ಜೀನಿಯಾ, ಲಂಡನ್, ಫ್ರಾಂಕ್‌ಫರ್ಟ್ ಮೂರಕ್ಕೂ ಮುಂಬೈನಿಂದ ನೇರ ಕಳಿಸಿದರೆ ಜಿಬಿಗೆ ಮೂರು ಸಲ 8.6 ಸೆಂಟ್, ಒಟ್ಟು 25.8. ಮುಂಬೈನಿಂದ ವರ್ಜೀನಿಯಾಗೆ ಒಂದು ಸಲ, ಅಲ್ಲಿಂದ ಉಳಿದೆರಡಕ್ಕೆ 2 ಸೆಂಟ್‌ನಂತೆ ಕಳಿಸಿದರೆ ಒಟ್ಟು 12.6. ಅರ್ಧಕ್ಕಿಂತ ಕಡಿಮೆ. ಭೂಪಟದಲ್ಲಿ ಇದು ಸುತ್ತು ದಾರಿ. ಮುಂಬೈಗೆ ಹತ್ತಿರದ ಯುರೋಪನ್ನು ದಾಟಿ ಅಮೆರಿಕಕ್ಕೆ ಹೋಗಿ ಮತ್ತೆ ವಾಪಸ್ ಬರುತ್ತದೆ. ಬಿಲ್‌ಗೆ ಭೂಪಟ ಗೊತ್ತಿಲ್ಲ. ರಾತ್ರಿ ಹೋಗಿ ಕೂರುವ ಸಿನಿಮಾಗಳಿಗೆ ಈ ಸುತ್ತಿನಿಂದ ಯಾವ ನಷ್ಟವೂ ಇಲ್ಲ.

ಒಂದು ತಾಂತ್ರಿಕ ವಿಷಯ ನೆನಪಿಡಿ. ಎಸ್3ನಲ್ಲಿ ರೆಪ್ಲಿಕೇಶನ್ ಮೂಲಕ ಬಂದ ಫೈಲ್ ಮತ್ತೊಂದು ನಿಯಮದ ಮೂಲಕ ತಾನಾಗಿ ಮುಂದಕ್ಕೆ ಹೋಗುವುದಿಲ್ಲ. ಮುಂಬೈನಿಂದ ವರ್ಜೀನಿಯಾಗೆ, ವರ್ಜೀನಿಯಾದಿಂದ ಲಂಡನ್‌ಗೆ ಅಂತ ಎರಡು ನಿಯಮ ಹಾಕಿ ಸುಮ್ಮನಾದರೆ ಲಂಡನ್ ಬಕೆಟ್ ಖಾಲಿ ಇರುತ್ತದೆ. ಎರಡನೇ ಹಂತಕ್ಕೆ ಬ್ಯಾಚ್ ರೆಪ್ಲಿಕೇಶನ್ ಬಳಸಿ, ಅಥವಾ ಫೈಲ್ ಬಂದ ಕೂಡಲೇ ಪ್ರತಿ ಮಾಡುವ ಒಂದು ಸಣ್ಣ ಫಂಕ್ಷನ್ ಬರೆಯಿರಿ.

ಲೈವ್‌ಗೂ ಇದೇ ಲೆಕ್ಕ. ದಿನವಿಡೀ ಓಡುವ ಒಂದು ಚಾನೆಲ್‌ನ 10.7 ಎಂಬಿಪಿಎಸ್ ಲ್ಯಾಡರ್ ತಿಂಗಳಿಗೆ ಸುಮಾರು 3.5 ಟಿಬಿ. ಮುಂಬೈನಿಂದ ಒಂದು ರೀಜನ್‌ಗೆ 298 ಡಾಲರ್, ಮೂರಕ್ಕೂ ನೇರ ಕಳಿಸಿದರೆ 894. ಮೇಲಿನಂತೆ ಹಂಚಿದರೆ ಸುಮಾರು 437. ಆದರೆ ಲೈವ್‌ನಲ್ಲಿ ತಡ ಲೆಕ್ಕಕ್ಕೆ ಬರುತ್ತದೆ. ದೇವಸ್ಥಾನದ ಪೂಜೆ, ಸಂಗೀತ ಕಛೇರಿಗೆ ಅರ್ಧ ಸೆಕೆಂಡಿನ ಸುತ್ತು ಯಾರಿಗೂ ಗೊತ್ತಾಗುವುದಿಲ್ಲ. ಇಬ್ಬರು ಮಾತಾಡುವ ವಿಡಿಯೋ ಕಾಲ್‌ಗೆ ಇದನ್ನು ಮಾಡಬೇಡಿ, ಮಾತು ಕತ್ತರಿಸುತ್ತದೆ.

ಹೆಜ್ಜೆ 8: ಸ್ವಂತ ಲಿಂಕ್ ಇದ್ದರೆ ಸಮಯ ನೋಡಿ ಕಳಿಸಿ

ರಾತ್ರಿ ಕಳಿಸಿದರೆ ಅಗ್ಗ ಅನ್ನುವ ಮಾತು ಬಹಳ ಕೇಳಿಬರುತ್ತದೆ. ಜಿಬಿ ಲೆಕ್ಕದ ಕ್ಲೌಡ್ ಬಿಲ್‌ನಲ್ಲಿ ಅದು ನಿಜವಲ್ಲ. ಅಲ್ಲಿ ಹಗಲು ರಾತ್ರಿ ಒಂದೇ ದರ. ಆದರೆ ಕೋಲೊಕೇಶನ್ ಡೇಟಾಸೆಂಟರ್‌ನಲ್ಲಿ (ಜಾಗ ಬಾಡಿಗೆಗೆ ಕೊಡುವಂಥದ್ದು) ಸ್ವಂತ ಸರ್ವರ್ ಇಟ್ಟು ಐಎಸ್‌ಪಿಯಿಂದ (ಇಂಟರ್ನೆಟ್ ಕೊಡುವ ಕಂಪನಿ) ಬ್ಯಾಂಡ್‌ವಿಡ್ತ್ ಕೊಂಡವರಿಗೆ ಇದು ಪೂರ್ತಿ ನಿಜ. ಅಂಥವರ ಬಿಲ್ ಸಾಮಾನ್ಯವಾಗಿ 95ನೇ ಪರ್ಸೆಂಟೈಲ್ ಲೆಕ್ಕದ್ದು.

ಅದು ಹೀಗೆ ನಡೆಯುತ್ತದೆ. ಐಎಸ್‌ಪಿ ಪ್ರತಿ 5 ನಿಮಿಷಕ್ಕೊಮ್ಮೆ ನಿಮ್ಮ ಲಿಂಕ್‌ನ ವೇಗ ಬರೆದುಕೊಳ್ಳುತ್ತದೆ. 30 ದಿನದ ತಿಂಗಳಲ್ಲಿ 8,640 ಅಂಕಿಗಳಾಗುತ್ತವೆ. ಅವನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ, ಮೇಲಿನ 5 ಶೇಕಡ, ಅಂದರೆ 432 ಅಂಕಿಗಳನ್ನು ಬಿಟ್ಟುಬಿಡುತ್ತದೆ. ಅದರ ಕೆಳಗಿನ ಅಂಕಿಯೇ ನಿಮ್ಮ ತಿಂಗಳ ಬಿಲ್. ತಿಂಗಳಲ್ಲಿ ಅತಿ ಹೆಚ್ಚು ಓಡಾಟದ 36 ಗಂಟೆ ಲೆಕ್ಕಕ್ಕೆ ಬರುವುದಿಲ್ಲ. ಉಳಿದ ಹೊತ್ತಿನಲ್ಲಿ ಆ ಅಂಕಿಯ ಕೆಳಗೆ ಎಷ್ಟು ಕಳಿಸಿದರೂ ದುಡ್ಡು ಒಂದೇ.

ನಿಮ್ಮ ಲಿಂಕ್ ರಾತ್ರಿ 8ರಿಂದ 11ರವರೆಗೆ 600 ಎಂಬಿಪಿಎಸ್‌ಗೆ ಏರಿ, ನಡುರಾತ್ರಿ 1ರಿಂದ 6ರವರೆಗೆ 100ಕ್ಕೆ ಇಳಿಯುತ್ತದೆ ಅನ್ನಿ. ದಿನಕ್ಕೆ ಮೂರು ಗಂಟೆ ಅಂದರೆ ತಿಂಗಳಿಗೆ 90 ಗಂಟೆ, 36 ಗಂಟೆಯ ವಿನಾಯಿತಿ ಮೀರುತ್ತದೆ, ಹಾಗಾಗಿ ಬಿಲ್ 600ಕ್ಕೇ ನಿಲ್ಲುತ್ತದೆ. ನಡುರಾತ್ರಿಯ 500 ಎಂಬಿಪಿಎಸ್ ಜಾಗ ನೀವು ದುಡ್ಡು ಕೊಟ್ಟೂ ಬಳಸದೆ ಬಿಟ್ಟದ್ದು. ಐದು ಗಂಟೆಯಲ್ಲಿ ಅದು 1,125 ಜಿಬಿ. ತಿಂಗಳಿಗೆ 33 ಟಿಬಿಗೂ ಜಾಸ್ತಿ, ಬಿಲ್ ಒಂದು ರೂಪಾಯಿಯೂ ಏರದೆ. ತರಕಾರಿ ಇಳಿಸಿ ಊರಿಗೆ ಖಾಲಿ ಹೊರಟ ಲಾರಿಗೆ ನಮ್ಮ ಸಾಮಾನು ಹಾಕಿದ ಹಾಗೆ. ಕಳಿಸುವ ಟೂಲ್‌ಗೆ ವೇಗದ ಮಿತಿ ಹಾಕಲು ಮರೆಯಬೇಡಿ. ಮಿತಿ ಇಲ್ಲದೆ ಓಡಿದರೆ ಅದೇ ಹೊಸ ಗರಿಷ್ಠವಾಗಿ ಬಿಲ್ ಏರಿಸುತ್ತದೆ. 500 ಜಾಗ ಇದ್ದರೆ 450ಕ್ಕೆ ಮಿತಿ ಹಾಕಿ.

ಇನ್ ಮತ್ತು ಔಟ್ ಎರಡನ್ನೂ ಅಳೆದು ದೊಡ್ಡದಕ್ಕೆ ಮಾತ್ರ ಬಿಲ್ ಮಾಡುವ ಐಎಸ್‌ಪಿಗಳು ಬಹಳ. ನೋಡುಗರಿಗೆ ವಿಡಿಯೋ ಕಳಿಸುವ ಡೇಟಾಸೆಂಟರ್‌ನಲ್ಲಿ ಔಟ್ ತುಂಬಿರುತ್ತದೆ, ಇನ್ ಖಾಲಿ. ಆ ಕಡೆಗೆ ವಿಡಿಯೋ ತರಿಸಿಕೊಳ್ಳುವುದಕ್ಕೆ ಅಲ್ಲಿ ಖರ್ಚೇ ಇಲ್ಲ. ನಿಮ್ಮ ಒಪ್ಪಂದದಲ್ಲಿ ಹೀಗಿದೆಯಾ ಅಂತ ಓದಿ ನೋಡಿ.

ಮೂರು ಡೇಟಾಸೆಂಟರ್ ಇರುವವರು ಇನ್ನೊಂದು ಹೆಜ್ಜೆ ಹೋಗಬಹುದು. ಮೊದಲನೆಯದರಿಂದ ಎರಡನೆಯದಕ್ಕೆ ಇರುವ ಲಿಂಕ್ ಆ ಹೊತ್ತಿಗೆ ತುಂಬಿದ್ದು, ಮೂರನೆಯದರ ಲಿಂಕ್‌ಗಳು ಖಾಲಿ ಇದ್ದರೆ ಮೂರನೆಯದರ ಮೂಲಕ ಕಳಿಸಿ, ಬೇಕಿದ್ದರೆ ಕೆಲವು ಗಂಟೆ ಅಲ್ಲೇ ಇಟ್ಟು ಮುಂದಕ್ಕೆ ಕಳಿಸಿ. ಗೂಗಲ್ ತನ್ನ ಡೇಟಾಸೆಂಟರ್‌ಗಳ ನಡುವಿನ ಬಿ4 ಜಾಲವನ್ನು ಇಂಥದೇ ಆಲೋಚನೆಯಲ್ಲಿ ನಡೆಸುತ್ತದೆ ಅಂತ 2013ರಲ್ಲಿ ತಿಳಿಸಿತು. ಅವಸರದ ಡೇಟಾಕ್ಕೆ ಮೊದಲ ಜಾಗ, ಕಾಯಬಲ್ಲ ಪ್ರತಿಗಳಿಗೆ ಉಳಿದ ಜಾಗ. ಸಾಮಾನ್ಯವಾಗಿ 30ರಿಂದ 40 ಶೇಕಡ ಮಾತ್ರ ಬಳಕೆಯಾಗುವಂಥ ಲಿಂಕ್‌ಗಳಲ್ಲಿ ಹಲವು ಅಲ್ಲಿ ಹೆಚ್ಚುಕಡಿಮೆ ಪೂರ್ತಿ ತುಂಬಿ ಓಡುತ್ತವೆ. ನೆಟ್‌ಫ್ಲಿಕ್ಸ್ ಕೂಡ ಐಎಸ್‌ಪಿಗಳಲ್ಲಿ ಇಟ್ಟಿರುವ ತನ್ನ ಓಪನ್ ಕನೆಕ್ಟ್ ಪೆಟ್ಟಿಗೆಗಳನ್ನು ಓಡಾಟ ಕಡಿಮೆ ಇರುವ ಹೊತ್ತಿನಲ್ಲಿ ತುಂಬಿಸುತ್ತದೆ, ಒಂದು ಪೆಟ್ಟಿಗೆಗೆ ಬಂದದ್ದನ್ನು ಪಕ್ಕದವು ಅದರಿಂದಲೇ ತೆಗೆದುಕೊಳ್ಳುತ್ತವೆ. ಚಿಕ್ಕ ತಂಡಕ್ಕೆ ಇದನ್ನೆಲ್ಲ ಮಾಡಲು ದೊಡ್ಡ ಸಾಫ್ಟ್‌ವೇರ್ ಬೇಕಿಲ್ಲ. ಅವಸರದ ಫೈಲ್, ಕಾಯಬಲ್ಲ ಫೈಲ್ ಅಂತ ಎರಡು ಸಾಲು ಮಾಡಿ, ಎರಡನೆಯದನ್ನು ರಾತ್ರಿ ಮಾತ್ರ ಓಡಿಸಿದರೆ ಆಯಿತು.

ಹೆಜ್ಜೆ 9: ಒಳಗಿನ ಸುಂಕಗಳನ್ನು ಹುಡುಕಿ

ಖಾಸಗಿ ಸಬ್‌ನೆಟ್‌ನಲ್ಲಿರುವ (ಇಂಟರ್ನೆಟ್‌ನಿಂದ ನೇರ ತಲುಪಲಾಗದ ಒಳಜಾಲ) ಟ್ರಾನ್ಸ್‌ಕೋಡ್ ಸರ್ವರ್‌ಗಳು ಎಸ್3ನಿಂದ ಮಾಸ್ಟರ್ ತರಿಸಲು ನ್ಯಾಟ್ ಗೇಟ್‌ವೇ (ಆ ಜಾಲದಿಂದ ಹೊರಗೆ ಹೋಗುವ ಬಾಗಿಲು) ಮೂಲಕ ಹೋಗುತ್ತಿವೆಯಾ ನೋಡಿ. ಮುಂಬೈನಲ್ಲಿ ಅದಕ್ಕೆ ಜಿಬಿಗೆ 5.6 ಸೆಂಟ್. ಅದೇ ರೀಜನ್‌ನ ಎಸ್3ಗೆ ಗೇಟ್‌ವೇ ಎಂಡ್‌ಪಾಯಿಂಟ್ (ನೇರ ಒಳದಾರಿ) ಹಾಕಿದರೆ ಆ ಖರ್ಚು ಸೊನ್ನೆ. ಯಾವ ಡೇಟಾ ಯಾವ ದಾರಿ ಹಿಡಿಯಬೇಕು ಅಂತ ಹೇಳುವ ರೂಟ್ ಟೇಬಲ್‌ನಲ್ಲಿ ಒಂದು ಸಾಲಿನ ಬದಲಾವಣೆ, ಇಂದೇ ಮಾಡಬಹುದು. ಬೇರೆ ರೀಜನ್‌ನ ಬಕೆಟ್‌ಗೆ ಈ ಎಂಡ್‌ಪಾಯಿಂಟ್ ಕೆಲಸ ಮಾಡುವುದಿಲ್ಲ. ಅಲ್ಲಿಂದ ನ್ಯಾಟ್ ಮೂಲಕ ಎಳೆದರೆ ರೀಜನ್ ದಾಟಿದ ದುಡ್ಡು, ನ್ಯಾಟ್ ದುಡ್ಡು ಎರಡೂ ಬೀಳುತ್ತವೆ.

ಝೋನ್‌ಗಳ ನಡುವಿನ ಓಡಾಟಕ್ಕೆ ಎರಡೂ ಕಡೆ ಒಂದೊಂದು ಸೆಂಟ್. ಚಿಕ್ಕದು ಅನ್ನಿಸುತ್ತದೆ. ಒಂದು ಸರ್ವರ್ ಮಾಸ್ಟರ್ ಒಡೆದು, ಇನ್ನೊಂದು ಝೋನ್‌ನ ಸರ್ವರ್ ಎನ್‌ಕೋಡ್ ಮಾಡಿ, ಮೂರನೆಯದು ಜೋಡಿಸುವ ವ್ಯವಸ್ಥೆಯಲ್ಲಿ 55 ಜಿಬಿಯ ಫೈಲ್ ಎಷ್ಟು ಸಲ ದಾಟುತ್ತದೆ ಎಣಿಸಿ. ನಡುವಿನ ತುಣುಕುಗಳನ್ನು ಸರ್ವರ್‌ನಿಂದ ಸರ್ವರ್‌ಗೆ ಕಳಿಸುವ ಬದಲು ಎಸ್3ನಲ್ಲಿ ಇಟ್ಟು ತೆಗೆದುಕೊಳ್ಳಿ. ಒಂದೇ ರೀಜನ್‌ನ ಎಸ್3 ಮತ್ತು ಸರ್ವರ್ ನಡುವೆ ಡೇಟಾ ಖರ್ಚಿಲ್ಲ. ಅಥವಾ ಒಂದು ಸಿನಿಮಾದ ಎಲ್ಲ ಕೆಲಸವನ್ನೂ ಒಂದೇ ಝೋನ್‌ನಲ್ಲಿ ಮುಗಿಸಿ. ಟ್ರಾನ್ಸ್‌ಕೋಡ್ ಮಧ್ಯದಲ್ಲಿ ಆ ಝೋನ್ ಬಿದ್ದರೆ ಮತ್ತೆ ಶುರು ಮಾಡಿದರಾಯಿತು.

ಹೆಜ್ಜೆ 10: ದರ ಮಾತಾಡಿ, ಕಾವಲು ಇಡಿ

ಇಷ್ಟೆಲ್ಲ ಆದ ಮೇಲೆ ಉಳಿದ ಓಡಾಟಕ್ಕೆ ದರ ಹುಡುಕಿ. ಕ್ಲೌಡ್‌ಫ್ಲೇರ್‌ನ ಆರ್2 ಸ್ಟೋರೇಜ್‌ನಿಂದ ಹೊರಗೆ ಹೋಗುವ ಡೇಟಾಕ್ಕೆ ದರವೇ ಇಲ್ಲ. ಬ್ಯಾಕ್‌ಬ್ಲೇಜ್ ಎಂಬ ಸ್ಟೋರೇಜ್ ಸೇವೆಯಲ್ಲಿ ಇಟ್ಟದ್ದರ ಮೂರು ಪಟ್ಟಿನವರೆಗೆ ಉಚಿತ. ಹಲವು ಕ್ಲೌಡ್‌ಗಳಿಗೆ, ಹಲವು ಸಿಡಿಎನ್‌ಗಳಿಗೆ ಹಂಚಬೇಕಾದ ಲ್ಯಾಡರ್ ಫೈಲ್‌ಗಳನ್ನು ಮುಂಬೈನಿಂದ ಒಂದು ಸಲ ಅಲ್ಲಿಗೆ ದಾಟಿಸಿ, ಹಂಚಿಕೆಯನ್ನು ಅಲ್ಲಿಂದ ಮಾಡುವ ಆಯ್ಕೆ ಇದೆ. ಪೂರ್ತಿ ಕ್ಲೌಡ್ ಬದಲಿಸಿ ಹೋಗುವವರಿಗೆ ಗೂಗಲ್, ಎಡಬ್ಲ್ಯುಎಸ್, ಅಜೂರ್ ಮೂರೂ 2024ರಿಂದ ಹೊರಹೋಗುವ ಡೇಟಾ ಶುಲ್ಕ ಮನ್ನಾ ಮಾಡುತ್ತಿವೆ. ಅದಕ್ಕೆ ಮೊದಲೇ ಅರ್ಜಿ ಹಾಕಬೇಕು, ಡೇಟಾ ಸಾಗಿಸಿದ ಮೇಲೆ ಕೇಳಿದರೆ ಸಿಗುವ ಭರವಸೆ ಇಲ್ಲ.

ಕೊನೆಗೆ ಒಂದು ಅಂಕಿಯನ್ನು ವಾರಕ್ಕೊಮ್ಮೆ ಬರೆದಿಡಿ: ನೋಡುಗರಿಗೆ ತಲುಪಿದ ಪ್ರತಿ 100 ಜಿಬಿಗೆ ನಿಮ್ಮ ಡೇಟಾಸೆಂಟರ್‌ಗಳ ನಡುವೆ ಎಷ್ಟು ಜಿಬಿ ಓಡಿತು? ಒಟ್ಟು ಬಿಲ್ ನೋಡಿದರೆ ಸಾಲದು. ನೋಡುಗರು ಹೆಚ್ಚಾದಾಗ ಬಿಲ್ ಏರುವುದು ಸಹಜ, ಈ ಅನುಪಾತ ಏರಬಾರದು. ಅದು ಹಿಂದಿನ ವಾರಕ್ಕಿಂತ ಒಂದೂವರೆ ಪಟ್ಟು ಆದರೆ ತಂಡಕ್ಕೆ ಮೆಸೇಜ್ ಹೋಗುವ ಹಾಗೆ ಅಲಾರ್ಮ್ ಇಡಿ. ಮೆಸೇಜ್ ಬಂದ ದಿನ ಮೊದಲು ನೋಡಬೇಕಾದದ್ದು ಎರಡು: ಹೊಸದಾಗಿ ಯಾರಾದರೂ ರೆಪ್ಲಿಕೇಶನ್ ನಿಯಮ ಸೇರಿಸಿದ್ದಾರಾ, ಸಿಡಿಎನ್ ಕ್ಯಾಶ್‌ನ ಹಿಟ್ ರೇಟ್ (ಕೇಳಿದ್ದರಲ್ಲಿ ಕ್ಯಾಶ್‌ನಲ್ಲೇ ಸಿಕ್ಕ ಪಾಲು) ಬಿದ್ದಿದೆಯಾ. ಎರಡೂ ಸರಿಯಿದ್ದರೆ ಹೊಸ ಬಿಡುಗಡೆಯ ಪಟ್ಟಿ ತೆಗೆಯಿರಿ. ಐದು ಭಾಷೆಯ ಸಿನಿಮಾ ಒಂದು ಐದು ಸಲ ಅಪ್‌ಲೋಡ್ ಆಗಿರಬಹುದು.